ಕಾಸರಗೋಡಿಗೆ ಒಂದು ನ್ಯಾಯ, ಸುಳ್ಯಕ್ಕೆ ಇನ್ನೊಂದಾ?

ಕಾಸರಗೋಡು ಕನ್ನಡಿಗರ ಪರ ಭಾಷಣ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ತವರೂ ಕಾಸರಗೋಡು ಕಡೆಯೇ. ನಿನ್ನೆ ಮಂಗಳೂರಿನ ಸಭೆಯಲ್ಲಿ ಮುಂದಿನ ಸಾಲಲ್ಲೇ ಕೂತು ಚಪ್ಪಾಳೆ ತಟ್ಟಿದ್ದೇನೆ. 1956ರ ನವೆಂಬರ್ 1ಕ್ಕೆ ನಮ್ಮದೇ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಅಂತ ಗಡಿ ತಕರಾರು ನೋಡಲು ಕೂತ ಮಹಾಜನ ಆಯೋಗ ಹೇಳಿದ್ದು ಕಾಗದದಲ್ಲೇ ಉಳಿಯಿತು. ಆ ಆಸೆ ಇಟ್ಟುಕೊಂಡೇ 2015ರಲ್ಲಿ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ತೀರಿಹೋದರು. ಎಲ್ಲ ಸರಿ. ಕನ್ನಡ ಬಾರದ ಮೇಷ್ಟ್ರು ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸುವ ಚಂದ ನಮ್ಮ ಮನೆಯ ಮಕ್ಕಳೇ ನೋಡಿದ್ದಾರೆ.

ನನ್ನ ತಲೆ ಕೆಟ್ಟದ್ದು ಸಭೆ ಮುಗಿದ ಮೇಲೆ. ಸುಳ್ಯದ ರಬ್ಬರ್ ತೋಟದ ತಮಿಳರ ಮಾತು ಬಂತು. ವೇದಿಕೆಯಲ್ಲಿ ಗಂಟಲು ಕಟ್ಟಿಸಿಕೊಂಡು ಮಾತಾಡಿದ ಅದೇ ಮಹನೀಯರು ಗೋಳಿಬಜೆಯನ್ನು ಚಟ್ನಿಗೆ ಅದ್ದುತ್ತಾ, “ಅವರಿಗೆ ಎಂತಕ್ಕೆ ಇಲ್ಲಿ ಸವಲತ್ತು? ಬಂದ ಕಡೆಗೇ ಹೋಗಲಿ” ಅಂದರು.

ಬಂದ ಕಡೆ ಅಂದ್ರೆ ಎಲ್ಲಿಗೆ ಮಾರಾಯ್ರೆ?

ಆ ತಮಿಳರ ಹಿರಿಯರನ್ನು ಸಿಲೋನಿನ, ಅಂದ್ರೆ ಈಗಿನ ಶ್ರೀಲಂಕಾದ, ಚಹಾ ತೋಟಗಳಿಗೆ ಸಾಗಿಸಿದ್ದು ಬ್ರಿಟಿಷರ ಕಾಲದಲ್ಲಿ. 1948ರಲ್ಲಿ ಅಲ್ಲಿಯ ಪೌರತ್ವ ಕಾನೂನು ಬಂದು, ಹೆಚ್ಚಿನವರು ಯಾವ ದೇಶದವರೂ ಅಲ್ಲ ಅಂತಾಯಿತು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ, ಅಲ್ಲಿಯ ಪ್ರಧಾನಿ ಸಿರಿಮಾವೊ ಕೂತು 5,25,000 ಜನ ಭಾರತಕ್ಕೆ, 3,00,000 ಸಿಲೋನಿಗೆ, ಉಳಿದ ಒಂದೂವರೆ ಲಕ್ಷದ್ದು ಆಮೇಲೆ ನೋಡುವ ಅಂತ, ಅಡಿಕೆ ರಾಶಿ ಹಂಚಿದ ಹಾಗೆ ಹಂಚಿಕೊಂಡರು. ಬಂದವರಲ್ಲಿ ಕೆಲವು ಕುಟುಂಬಗಳಿಗೆಂದೇ ಸುಳ್ಯ, ಪುತ್ತೂರು ಕಡೆ ಸರಕಾರ ರಬ್ಬರ್ ತೋಟ ಎಬ್ಬಿಸಿತು. ನಸುಕಿಗೇ ತಲೆಗೆ ಲೈಟ್ ಕಟ್ಟಿ ಟ್ಯಾಪಿಂಗಿಗೆ, ಅಂದ್ರೆ ರಬ್ಬರ್ ಮರ ಕೆತ್ತಿ ಹಾಲು ಇಳಿಸಲಿಕ್ಕೆ ಹೋಗಿ, ಆಮೇಲೆ ಮರಮರಕ್ಕೂ ತಿರುಗಿ ಚಿಪ್ಪಿನ ಹಾಲನ್ನು ಬಕೆಟಿಗೆ ಸುರಿದು ಬದುಕಿದ ಜನ ಅವರು. ಅವರ ಮಕ್ಕಳು ನಮ್ಮ ಕನ್ನಡ ಶಾಲೆಯಲ್ಲೇ ಕಲಿತವರು. ಜಾತಿ ಸರ್ಟಿಫಿಕೇಟಿಗೆ ಹೋದಾಗ ಮಾತ್ರ “ನಿಮ್ಮ ಮೂಲ ಇಲ್ಲಿಯದ್ದಲ್ಲ” ಅನ್ನುವ ಉತ್ತರ ಕೇಳಿದ್ದುಂಟು!

“ಅವರು ಹೊರಗಿಂದ ಬಂದವರು, ಕಾಸರಗೋಡಿನವರು ಕೂತಲ್ಲೇ ಇದ್ದವರು” ಅಂತ ಪಕ್ಕದವರೊಬ್ಬರು ಕಾನೂನು ಹೇಳಿದರು. ಹೌದು, ವ್ಯತ್ಯಾಸ ಉಂಟು. ಆದರೆ ಗಡಿ ಎಳೆಯುವಾಗ ನನ್ನಜ್ಜನನ್ನು ಯಾರೂ ಕೇಳಲಿಲ್ಲ, ಆ ಒಪ್ಪಂದಕ್ಕೆ ಸಹಿ ಬೀಳುವಾಗ ಅವರಜ್ಜನನ್ನೂ ಕೇಳಲಿಲ್ಲ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಅವರ ತಾಯ್ನುಡಿಯಲ್ಲೇ ಪ್ರಾಥಮಿಕ ಶಿಕ್ಷಣಕ್ಕೆ ಸೌಲಭ್ಯ ಕೊಡಿ ಅನ್ನುವ ಸಂವಿಧಾನದ 350ಎ ವಿಧಿಯನ್ನು ಭಾಷಣದಲ್ಲಿ ಓದಿದರಲ್ಲ, ಅದರಲ್ಲಿ ‘ಕಾಸರಗೋಡಿಗೆ ಮಾತ್ರ’ ಅಂತ ಎಲ್ಲುಂಟು?

ಮುಂದಿನ ಸಭೆ ಮಂಜೇಶ್ವರದಲ್ಲಂತೆ, ಭಾಷಣ ಅವರದ್ದೇ ಅಂತೆ. ನಾನು ಹೋಗುವವಳೇ. ಸಂಘಟಕರೇ, ಮೈಕ್ ಕೊಡದಿದ್ದರೂ ಅಡ್ಡಿಯಿಲ್ಲ, ನನ್ನ ಸ್ವರ ಹಿಂದಿನ ಸಾಲಿನವರೆಗೆ ಕೇಳ್ತದೆ.