ಆರು ಗಂಟೆಯ ಹಕ್ಕಿ, ನಾಲ್ಕು ಗಂಟೆಯ ಅಲಾರಂ

ಅಕ್ಟೋಬರ್ ಬಂತಲ್ಲ, ಬೆಂಗಳೂರಿಗೆ ನವರಂಗ ಬಂದಿದೆ. ಮೇಲಿನ ಮನೆಯ ರಾಯರಿಗೆ ಹೇಳಿದೆ. 'ರಾಜಾಜಿನಗರದಲ್ಲೇ ಇತ್ತಲ್ಲ, ಈಗ ಯಾವ ಪಿಕ್ಚರ್ ಓಡ್ತಿದೆ?' ಅಂದರು.

ಟಾಕೀಸಲ್ಲ ರಾಯರೇ, ಹಕ್ಕಿ. ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡು ಬಿಟ್ಟು ಚಳಿಗಾಲಕ್ಕೆ ದಕ್ಷಿಣಕ್ಕೆ ಬರುತ್ತದೆ. ಇಂಗ್ಲಿಷಿನಲ್ಲಿ ಪಿಟ್ಟಾ. ಅದೂ ತೆಲುಗಿನಿಂದ ಎತ್ತಿದ್ದು, ಪಿಟ್ಟ ಅಂದರೆ ಹಕ್ಕಿ ಅಷ್ಟೇ. ತಮಿಳರು ಆರುಮಣಿ ಕುರುವಿ ಅನ್ನುತ್ತಾರೆ, ಬೆಳಗ್ಗೆ ಸಂಜೆ ಆರರ ಆಸುಪಾಸಿಗೆ ಎರಡು ಶಿಳ್ಳೆ ಹಾಕುವುದಕ್ಕೆ. 'ನಮ್ಮ ಹಾಲಿನವನಿಗಿಂತ ವಾಸಿ' ಎಂದರು ರಾಯರು. ಹಾಲಿನವನು ಒಂದು ದಿನ ಐದಕ್ಕೆ, ಇನ್ನೊಂದು ದಿನ ಏಳಕ್ಕೆ. ಅವನ ಕಥೆ ಇನ್ನೊಮ್ಮೆ.

ಈ ಆರು ಗಂಟೆಯ ಹಕ್ಕಿಗಾಗಿ ನಮ್ಮ ಪ್ರಕೃತಿ ಪ್ರೇಮಿಗಳು ನಾಲ್ಕಕ್ಕೇ ಅಲಾರಂ ಇಡುತ್ತಾರೆ. ಮೊನ್ನೆ ಭಾನುವಾರ ಕನಕಪುರ ರಸ್ತೆ ಕಡೆಯ ಒಂದು ಕುರುಚಲು ಕಾಡಿಗೆ ನಾನೂ ಹೋಗಿದ್ದೆ. ಇಪ್ಪತ್ತು ಜನ. ಹಕ್ಕಿಗೆ ಕಾಣಬಾರದು ಅಂತ ಎಲ್ಲರಿಗೂ ಎಲೆ ಪ್ರಿಂಟಿನ ಶರ್ಟು, ಪ್ಯಾಂಟು, ಟೋಪಿ. ಬಂದಿದ್ದು ಮಾತ್ರ ಕೆಂಪು ಕಾರಿನಲ್ಲಿ, ಹೆಡ್‌ಲೈಟ್ ಹಾಕಿಕೊಂಡು. ಕೈಯಲ್ಲಿ ಮೂರು ಕೆಜಿ ಲೆನ್ಸು. ಹಕ್ಕಿಯೋ, ಒಂದು ಹಿಡಿಯಷ್ಟು.

ನವರಂಗ ನೆಲದ ಮೇಲೆ ತರಗೆಲೆ ಕೆದಕಿ ಹುಳ ತಿನ್ನುವ ಹಕ್ಕಿ. ಆದರೆ ತರಗೆಲೆ ಫೋಟೋದಲ್ಲಿ 'ಮೆಸ್ಸಿ' ಕಾಣುತ್ತದಂತೆ. ಹಾಗಾಗಿ ಒಬ್ಬರು ಮನೆಯಿಂದ ಕಡ್ಡಿ ಪೊರಕೆ ತಂದಿದ್ದರು. ನಿಜವಾಗಲೂ. ಬಗ್ಗಿ, ಶ್ರದ್ಧೆಯಿಂದ, ಒಂದು ಕೋಣೆಯಷ್ಟು ಕಾಡು ಗುಡಿಸಿದರು. ನಮ್ಮ ಬೀದಿಯನ್ನು ಯಾರೂ ಅಷ್ಟು ಚೊಕ್ಕಟವಾಗಿ ಗುಡಿಸಿದ್ದನ್ನು ನಾನು ಕಂಡಿಲ್ಲ. ಅಡ್ಡ ಬಂದ ಎರಡು ಕೊಂಬೆಗೆ ಕತ್ತರಿ ಬಿತ್ತು. ಆಮೇಲೆ ಪಾಚಿ ಹತ್ತಿದ ಒಂದು ಕೋಲು ನೆಟ್ಟರು. ಹಕ್ಕಿ ಕೂರಬೇಕಾದ್ದು ಅಲ್ಲೇ. ಕೋಲಿನ ಬುಡಕ್ಕೆ ಡಬ್ಬಿಯಿಂದ ಮೀಲ್‌ವರ್ಮ್ ಅನ್ನುವ ಹುಳ ಸುರಿದರು. ಕೊನೆಗೆ ಬ್ಲೂಟೂತ್ ಸ್ಪೀಕರಿನಲ್ಲಿ ಇನ್ನೊಂದು ನವರಂಗದ ಶಿಳ್ಳೆ.

ಯಾರೋ ತನ್ನ ಜಾಗಕ್ಕೆ ನುಗ್ಗಿದ ಅಂದುಕೊಂಡು ಪಾಪದ್ದು ಓಡಿ ಬಂತು. ಇಪ್ಪತ್ತು ಕ್ಯಾಮೆರಾ ಒಟ್ಟಿಗೆ ಟರ್ರ್ ಅಂದವು. ನಾನು ಒಂದು ಹೆಜ್ಜೆ ಮುಂದಿಟ್ಟೆ. 'ಸಾರ್, ಪಕ್ಕಕ್ಕೆ ಬನ್ನಿ, ಹಕ್ಕಿಗೆ ಡಿಸ್ಟರ್ಬ್ ಆಗುತ್ತೆ' ಅಂದರು ಪೊರಕೆಯವರು.

ಎಂಥ ಕಾಳಜಿ! ಸಂಜೆ ಆ ಫೋಟೋ ಇನ್‌ಸ್ಟಾಗ್ರಾಮಿಗೆ ಹೋಗುತ್ತದೆ. ಕೆಳಗೆ 'ಕಾಡು ಉಳಿಸಿ', ಎರಡು ಹಸಿರು ಎಲೆ, ಒಂದು ಕೈ ಮುಗಿದ ಚಿತ್ರ. ಲೊಕೇಶನ್ ಕೂಡ ಹಾಕುತ್ತಾರೆ, ಮುಂದಿನ ವಾರ ಐವತ್ತು ಜನ ಬರಲಿ ಅಂತ.

ಸಾಕಪ್ಪ. ರಾತ್ರಿ ಕತ್ತಲಲ್ಲಿ ಹಾರಿ ಬರುವ ಹಕ್ಕಿ ಅದು. ಎಷ್ಟೋ ಸಲ ಸುಸ್ತಾಗಿ ಯಾರದ್ದೋ ಕಾಂಪೌಂಡಿನಲ್ಲಿ ಬಿದ್ದಿರುತ್ತದೆ. ಅದಕ್ಕೆ ಬೇಕಾದ್ದು ಒಂದಿಷ್ಟು ತರಗೆಲೆ, ಒಂದಿಷ್ಟು ಹುಳ, ಸುಮ್ಮನಿರುವ ಜನ. ನೀವು ಎಲೆ ಗುಡಿಸಿ ಹಾಕಿದಿರಿ. ಇಲ್ಲದ ಶತ್ರುವಿನ ಜೊತೆ ಜಗಳಕ್ಕೆ ಕರೆದಿರಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ಬಲೆ ಹಾಕುವುದು, ಆಮಿಷ ಒಡ್ಡುವುದು, ಗೂಡು ಕೆದಕುವುದು, ಎಲ್ಲ ಸೇರುತ್ತದೆ. ಇದನ್ನು ಅವರಿಗೂ ಹೇಳಿದೆ. 'ನಾವು ಲವರ್ಸ್ ಸಾರ್' ಅಂದರು.

ಎಂಟಕ್ಕೆ ಬಿಸಿಲೇರಿತು, ಲೈಟ್ ಹಾರ್ಶ್ ಆಯಿತಂತೆ, ಎಲ್ಲರೂ ತಟ್ಟೆ ಇಡ್ಲಿಗೆ ಹೊರಟರು. ಹುಳದ ಡಬ್ಬಿ ಅಲ್ಲೇ ಬಿದ್ದಿತ್ತು. ಕೋಲನ್ನು ಮಾತ್ರ ಟವೆಲಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟುಕೊಂಡರು. ಅಷ್ಟು ಚೆನ್ನಾಗಿ ಪಾಚಿ ಹತ್ತಿದ ಕೋಲು ಸಿಗುವುದು ಕಷ್ಟವಂತೆ.