ಹದಿನಾಲ್ಕು ಕಿಲೋ

ನೇಪಾಳದ ಲುಕ್ಲಾದಲ್ಲಿ ವಿಮಾನ ಇಳಿದ ಅರ್ಧ ಗಂಟೆಯಲ್ಲೇ ನನ್ನ ಚೀಲವನ್ನು ಕೊಕ್ಕೆ ತಕ್ಕಡಿಗೆ ತೂಗುಹಾಕಿದರು. ಮುಳ್ಳು 14 ಕಿಲೋ ತೋರಿಸಿತು. ಗೆಳತಿಯದು 12. ಎರಡನ್ನೂ ಒಂದರ ಮೇಲೊಂದಿಟ್ಟು ಹಗ್ಗದಿಂದ ಬಿಗಿದು, ಅಗಲವಾದ ಪಟ್ಟಿಯೊಂದನ್ನು ಹಣೆಯ ಮೇಲೆ ಸರಿಯಾಗಿ ಕೂರಿಸಿಕೊಂಡು, ನನ್ನ ತಮ್ಮನ ವಯಸ್ಸಿನ ಯುವಕನೊಬ್ಬ ಎದ್ದು ನಿಂತ. ಅವನದೇ ಬಟ್ಟೆಬರೆಯ ಸಣ್ಣ ಗಂಟು ಮೇಲ್ತುದಿಯಲ್ಲಿತ್ತು. ನಾನು ನೀರಿನ ಬಾಟಲಿ, ಮಳೆಯಂಗಿ ಇದ್ದ ಪುಟ್ಟ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಅವನ ಹಿಂದೆ ನಡೆದೆ.

ಕಳೆದ ಅಕ್ಟೋಬರ್‌ನಲ್ಲಿ ನಾವು ಮೂವರು ಎವರೆಸ್ಟ್ ಬೇಸ್ ಕ್ಯಾಂಪಿನ ದಾರಿ ಹಿಡಿದಾಗ, ಎತ್ತರದ ಹಿಮಾಲಯದಲ್ಲಿ ಅದು ನನ್ನ ಮೊದಲ ಚಾರಣ. ಊರಿಗೆ ಮರಳಿದ ಮೇಲೆ ಎಲ್ಲರೂ ಕೇಳಿದ್ದು ಶಿಖರದ ಬಗ್ಗೆ, ಚಳಿಯ ಬಗ್ಗೆ. ನನ್ನ ಕಣ್ಣ ಮುಂದೆ ಇಂದಿಗೂ ನಿಂತಿರುವುದು ಆ ಹಣೆಪಟ್ಟಿ. ನೇಪಾಳಿಯಲ್ಲಿ ಅದಕ್ಕೆ ನಾಮ್ಲೋ ಎನ್ನುತ್ತಾರೆ. ಬಿದಿರಿನ ಬುಟ್ಟಿಗೆ ಡೋಕೋ. ಕೈಯಲ್ಲಿ ಹಿಡಿಯುವ, ತುದಿಯಲ್ಲಿ ಅಡ್ಡಪಟ್ಟಿಯಿರುವ ಗಿಡ್ಡ ಕೋಲಿಗೆ ತೋಕ್ಮಾ. ದಾರಿಯಲ್ಲಿ ದಣಿವಾದಾಗ ಹೊರೆಯನ್ನು ಕೆಳಗಿಳಿಸುವುದಿಲ್ಲ. ಇಳಿಸಿದರೆ ಮತ್ತೆ ಎತ್ತುವುದು ಕಷ್ಟ. ತೋಕ್ಮಾವನ್ನು ಬುಟ್ಟಿಯ ಅಡಿಗೆ ಊರಿ, ನಿಂತಲ್ಲೇ ಭಾರವನ್ನು ಅದರ ಮೇಲೆ ಬಿಟ್ಟು, ಬಾಯಿಂದ ಸಣ್ಣ ಸಿಳ್ಳೆಯಂಥ ಉಸಿರು ಬಿಡುತ್ತಾರೆ. ಆ ಸದ್ದು ಕೇಳಿದಾಗಲೆಲ್ಲ ನಾನು ದಾರಿಯಂಚಿಗೆ ಸರಿದು ನಿಲ್ಲುವುದನ್ನು ಕಲಿತೆ.

ಮೊದಲ ದಿನವೇ ಒಂದು ತಪ್ಪು ಮಾಡಿದೆ. ನನ್ನ ಚೀಲ ಹೊತ್ತ ಯುವಕನನ್ನು ಶೆರ್ಪಾ ಎಂದು ಕರೆದೆ. ಅವನು ನಿಂತು, ತಾನು ರಾಯಿ, ತನ್ನ ಊರು ಇಲ್ಲಿಂದ ಬಹಳ ಕೆಳಗೆ, ಅಲ್ಲಿ ಭತ್ತ, ಮೆಕ್ಕೆಜೋಳ ಬೆಳೆಯುತ್ತೇವೆ ಎಂದ. ಶೆರ್ಪಾ ಎಂಬುದು ಒಂದು ಕೆಲಸದ ಹೆಸರು ಎಂದೇ ನಾನು ಅಷ್ಟು ದಿನ ತಿಳಿದಿದ್ದೆ. ಅದು ಒಂದು ಜನಾಂಗದ ಹೆಸರು. ‘ಪೂರ್ವದವರು’ ಎಂದು ಅರ್ಥ. ಸುಮಾರು ಐದು ಶತಮಾನಗಳ ಹಿಂದೆ ಟಿಬೆಟ್ಟಿನ ಖಾಮ್ ಕಡೆಯಿಂದ ಎತ್ತರದ ಕಣಿವೆಗಳನ್ನು ದಾಟಿ ಎವರೆಸ್ಟ್ ಬುಡದ ಈ ಖುಂಬು ಸೀಮೆಗೆ ಬಂದು ನೆಲೆಸಿದವರು. ನಮ್ಮ ಮಾರ್ಗದರ್ಶಕರು ಶೆರ್ಪಾ, ನಾಮ್ಚೆಯಲ್ಲಿ ನಾವು ಉಳಿದ ವಸತಿಗೃಹದ ಒಡತಿ ಶೆರ್ಪಾ. ಆದರೆ ಆ ದಾರಿಯಲ್ಲಿ ಹೊರೆ ಹೊರುವವರಲ್ಲಿ ಬಹಳ ಮಂದಿ ಕೆಳಗಿನ ಬೆಟ್ಟಗಳಿಂದ ಬರುವ ರಾಯಿಗಳು, ತಮಾಂಗರು, ಮಗರರು. ಅವರಿಗೂ ಅದು ಪರಸ್ಥಳವೇ. ನಾನು ಅರಿಯದ ಸಂಸ್ಕೃತಿಯೊಂದನ್ನು ನೋಡಲು ಹೋಗಿದ್ದೆ. ನನ್ನ ಚೀಲ ಹೊತ್ತವನೂ ಅಲ್ಲಿ ಹೊರಗಿನವನೇ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಅವನು ಆ ನೆಲದ ರೀತಿನೀತಿಗಳನ್ನು ಪಾಲಿಸುತ್ತಿದ್ದುದನ್ನು ನೋಡಬೇಕಿತ್ತು. ದಾರಿಯ ನಡುವೆ ಮಣಿ ಗೋಡೆಗಳು ಬರುತ್ತವೆ. ‘ಓಂ ಮಣಿ ಪದ್ಮೇ ಹೂಂ’ ಎಂದು ಕೆತ್ತಿದ ಚಪ್ಪಡಿಗಳ ಸಾಲು. ಅವು ನಮ್ಮ ಬಲಗಡೆಗೆ ಉಳಿಯುವಂತೆ, ಪ್ರದಕ್ಷಿಣೆಯ ದಿಕ್ಕಿನಲ್ಲಿ, ಎಡಬದಿಯಿಂದಲೇ ಹಾದುಹೋಗಬೇಕು. ಕೆಲವೆಡೆ ಎಡಗಡೆಯ ದಾರಿ ಏರು, ಬಲಗಡೆಯದು ಸಲೀಸು. ಚಾರಣಿಗರು ಎಷ್ಟೋ ಜನ ಸಲೀಸಾದ ದಾರಿಯನ್ನೇ ಹಿಡಿದು ಹೋದರು. ಇಪ್ಪತ್ತಾರು ಕಿಲೋ ಹೊತ್ತ ಇವನು ಒಮ್ಮೆಯೂ ತಪ್ಪಲಿಲ್ಲ. ಅವನ ಮನೆಯವರು ಬೌದ್ಧರಲ್ಲ, ರಾಯಿಗಳ ಪಾರಂಪರಿಕ ಕಿರಾತ ಪೂಜಾಪದ್ಧತಿಯವರು. ಮತ್ತೇಕೆ ಎಂದು ಕೇಳಿದೆ. “ಅವರ ಮನೆಯಂಗಳ ದಿದಿ” ಎಂದಷ್ಟೇ ಹೇಳಿ ನಡೆದ.

ದೂಧ್ ಕೋಸಿ ನದಿಯ ಮೇಲಿನ ಎತ್ತರದ ತೂಗುಸೇತುವೆ ದಾಟಿದ ಮೇಲೆ ನಾಮ್ಚೆಯವರೆಗೆ ಒಂದೇ ಸಮನೆ ಏರು. 3,440 ಮೀಟರ್ ಎತ್ತರದ ಆ ಊರು ಕುದುರೆ ಲಾಳದಾಕಾರದ ಬೆಟ್ಟದ ಮಡಿಲಲ್ಲಿದೆ. ಆ ಏರಿನಲ್ಲಿ ನಮ್ಮನ್ನು ದಾಟಿ ಹೋದವರ ಬೆನ್ನ ಮೇಲೆ ಪ್ಲೈವುಡ್ ಹಾಳೆಗಳು, ಅಡುಗೆ ಅನಿಲದ ಸಿಲಿಂಡರ್‌ಗಳು, ನೂಡಲ್ಸ್ ಪೆಟ್ಟಿಗೆಗಳು. ಪ್ರವಾಸಿಗರ ಚೀಲ ಹೊರುವವರಿಗೆ 30 ಕಿಲೋದ ಮಿತಿ ಇರಬೇಕೆಂಬ ಮಾತು ಬಹಳ ವರ್ಷಗಳಿಂದ ಇದೆ. ಅಂಗಡಿ ಸರಕು ಹೊರುವವರಿಗೆ ಕೂಲಿ ತೂಕದ ಲೆಕ್ಕದಲ್ಲಿ, ಹಾಗಾಗಿ ಅಂಥ ಮಿತಿಯೇ ಇಲ್ಲ. 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಇದೇ ನಾಮ್ಚೆಯ ಸಂತೆಯ ದಾರಿಯಲ್ಲಿ ಹೊರೆಯಾಳುಗಳನ್ನು ತೂಗಿ ನೋಡಿತ್ತು. ಗಂಡಸರು ಹೊರುತ್ತಿದ್ದದ್ದು ಸರಾಸರಿ ತಮ್ಮ ದೇಹತೂಕದ ಶೇ 93ರಷ್ಟು. ಆ ಅಂಕಿಯನ್ನು ನಾನು ಮನೆಗೆ ಬಂದ ಮೇಲೆ ಓದಿದೆ. ಅಲ್ಲಿ ಆ ಮೆಟ್ಟಿಲುಗಳ ಮೇಲೆ ಕಂಡದ್ದು ಉಬ್ಬಿದ ಮೀನಖಂಡಗಳು, ನೆಲಕ್ಕೆ ನೆಟ್ಟ ಕಣ್ಣು.

ಅದಕ್ಕೇ ಮೇಲಿನ ಊರುಗಳ ಬೆಲೆಯ ಬಗ್ಗೆ ಗೊಣಗುವವರ ಮೇಲೆ ನನಗೆ ಸಿಟ್ಟು. ನಮ್ಮ ಪಕ್ಕದ ಮೇಜಿನಲ್ಲಿದ್ದ ಭಾರತೀಯರ ತಂಡವೊಂದು ಒಂದು ಪಾತ್ರೆ ಬಿಸಿನೀರಿನ ದರಕ್ಕೆ ಆ ಒಡತಿಯ ಜೊತೆ ಹತ್ತು ನಿಮಿಷ ಚೌಕಾಸಿ ಮಾಡಿತು. ನೀರು ಕಾಯಿಸುವ ಅನಿಲ ಹೇಗೆ ಬಂತು ಎಂದು ಯೋಚಿಸಿ. ಲುಕ್ಲಾದಿಂದ ಮೇಲಕ್ಕೆ ಮೋಟಾರು ರಸ್ತೆ ಇಲ್ಲ. ಹೇಸರಗತ್ತೆ, ಝೋಪ್ಕ್ಯೋ ಎಂಬ ಯಾಕ್-ಹಸುವಿನ ಮಿಶ್ರತಳಿಯ ಎತ್ತು, ಇಲ್ಲವೇ ಮನುಷ್ಯನ ಬೆನ್ನು, ಅವಸರವಿದ್ದರೆ ಹೆಲಿಕಾಪ್ಟರ್. ಎತ್ತರ ಹೆಚ್ಚಿದಂತೆ ದಾಲ್ ಭಾತ್‌ನ ಬೆಲೆ ಏರುವುದು ಮೋಸವಲ್ಲ. ಪ್ರತಿ ನೂರು ಮೀಟರಿಗೂ ಯಾರದೋ ಉಸಿರು ಅದರಲ್ಲಿ ಸೇರಿರುತ್ತದೆ.

ನಾಮ್ಚೆಯಲ್ಲಿ ದೇಹ ಎತ್ತರಕ್ಕೆ ಒಗ್ಗಲೆಂದು ಒಂದು ದಿನ ನಿಂತೆವು. ಅಂದು ಮಧ್ಯಾಹ್ನ ನನ್ನ ಚೀಲವನ್ನು ಮಂಚದ ಮೇಲೆ ಸುರುವಿದೆ. ಎರಡು ದಪ್ಪ ಪುಸ್ತಕ, ಒಂದು ಜೀನ್ಸ್, ಹೆಚ್ಚುವರಿ ಶೂ, ಬೇಕಾಗಬಹುದು ಎಂದುಕೊಂಡು ತುಂಬಿದ್ದ ತಿಂಡಿಯ ಪೊಟ್ಟಣಗಳು. ಒಟ್ಟು ಐದು ಕಿಲೋ. ಅಲ್ಲಿಯವರೆಗೆ ಅಷ್ಟನ್ನೂ ಅವನು ಹಣೆಯಿಂದ ಎಳೆದು ತಂದಿದ್ದ. ಅದನ್ನು ಆ ಮನೆಯಲ್ಲೇ ಬಿಟ್ಟೆ. ನನಗೆ ನಾಚಿಕೆಯಾಯಿತು, ಇಂದಿಗೂ ಆಗುತ್ತದೆ.

ತೆಂಗ್‌ಬೊಚೆಯ ಗೊಂಪಾದಲ್ಲಿ ಸಂಜೆಯ ಪ್ರಾರ್ಥನೆಗೆ ಕುಳಿತೆವು. 1916ರಲ್ಲಿ ಸ್ಥಾಪನೆಯಾದ ಮಠ, 1934ರ ಭೂಕಂಪದಲ್ಲಿ ಕುಸಿಯಿತು, 1989ರ ಬೆಂಕಿಯಲ್ಲಿ ಸುಟ್ಟಿತು, ಎರಡು ಸಲವೂ ಮತ್ತೆ ಎದ್ದಿತು. ದುಂಗ್‌ಚೆನ್ ಎಂಬ ಉದ್ದ ಕಹಳೆಯ ದನಿ ಎದೆಗೂಡಿನೊಳಗೆ ನಡುಗುತ್ತಿತ್ತು. ಅಲ್ಲಿಂದ ಕೆಳಗೆ ಖುಂಜುಂಗ್ ಊರಿನ ನೆತ್ತಿಯ ಮೇಲೆ ಖುಂಬಿಲಾ ಪರ್ವತ ಕಾಣುತ್ತದೆ. ಸುತ್ತಲಿನ ದೈತ್ಯರ ಮುಂದೆ ಅದು ದೊಡ್ಡದೇನಲ್ಲ, ಆರು ಸಾವಿರ ಮೀಟರ್ ಕೂಡ ಇಲ್ಲ. ಆದರೆ ಅದು ಶೆರ್ಪಾ ಜನರ ಕ್ಷೇತ್ರದೇವತೆ, ಅದನ್ನು ಹತ್ತುವಂತಿಲ್ಲ. ಎವರೆಸ್ಟನ್ನು ಹತ್ತಿಸಿ ಬದುಕುವ ಜನ ತಮ್ಮ ಊರ ಬೆಟ್ಟದ ಮೇಲೆ ಕಾಲಿಡುವುದಿಲ್ಲ. ಅದರ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ.

ಇನ್ನು ಲೊಬುಚೆಯ ಮಾತು. 4,940 ಮೀಟರ್. ಅಲ್ಲಿ ಗಾಳಿಯಲ್ಲಿ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹಿಂದಿನ ರಾತ್ರಿಯಿಂದ ನನಗೆ ತಲೆನೋವು, ಅನ್ನ ಸೇರುತ್ತಿರಲಿಲ್ಲ. ಎಲ್ಲರ ಗಮನ ನನ್ನ ಮೇಲಿತ್ತು. ಬೆಳಿಗ್ಗೆ ಹೊರಡುವ ಹೊತ್ತಿಗೆ ನೋಡಿದರೆ ಅವನು ಗೋಡೆಗೆ ಒರಗಿ ಕುಳಿತಿದ್ದ. ಶೂ ಲೇಸ್ ಕಟ್ಟಲು ಬೆರಳು ಸಹಕರಿಸುತ್ತಿರಲಿಲ್ಲ. ಎದ್ದು ನಾಲ್ಕು ಹೆಜ್ಜೆ ನಡೆದಾಗ ವಾಲಿದ. ತಲೆನೋವು ಎರಡು ದಿನದಿಂದ ಇತ್ತಂತೆ. ಹೇಳಿದರೆ ಕೆಳಗೆ ಕಳಿಸುತ್ತಾರೆ, ಕೂಲಿ ನಿಲ್ಲುತ್ತದೆ ಎಂದು ಮುಚ್ಚಿಟ್ಟಿದ್ದ. ಬೆಟ್ಟದವರಿಗೆ ಎತ್ತರದ ಕಾಯಿಲೆ ಬರುವುದಿಲ್ಲ ಎಂಬುದು ಎಂಥ ಅಪಾಯಕಾರಿ ನಂಬಿಕೆ! ತಲೆಮಾರುಗಳಿಂದ ಆ ಎತ್ತರದಲ್ಲೇ ಬದುಕಿದ ಶೆರ್ಪಾಗಳ ದೇಹ ಅದಕ್ಕೆ ಒಗ್ಗಿರುವುದು ನಿಜ. ಭತ್ತ ಬೆಳೆಯುವ ಊರಿನ ಹುಡುಗನ ದೇಹ ನನ್ನಂಥದೇ, ಮೇಲೆ ಇಪ್ಪತ್ತು ಕಿಲೋ ಬೇರೆ. ನಡಿಗೆ ತೊದಲಿದರೆ ಅದು ಮಿದುಳಿಗೆ ನೀರು ತುಂಬುತ್ತಿರುವ ಸೂಚನೆ ಇರಬಹುದು. ಆಗ ಇಳಿಯುವುದೊಂದೇ ದಾರಿ, ಮತ್ತು ಕಾಯಿಲೆಯಾದವರನ್ನು ಒಬ್ಬರನ್ನೇ ಇಳಿಸಬಾರದು.

ಇನ್ನೊಬ್ಬ ಹೊರೆಯಾಳಿನ ಜೊತೆ ಅವನನ್ನು ಕಳಿಸಲು ಮಾರ್ಗದರ್ಶಕರು ತೀರ್ಮಾನಿಸಿದರು. ನಾನೂ ಅವರೊಂದಿಗೆ ಇಳಿದೆ. ನನ್ನ ತಲೆನೋವೂ ಅದಕ್ಕೆ ಕಾರಣವಾಗಿತ್ತು, ಅದನ್ನು ಮರೆಮಾಚುವುದಿಲ್ಲ. ಬೇಸ್ ಕ್ಯಾಂಪ್ ಒಂದೇ ದಿನದ ನಡಿಗೆಯಷ್ಟು ದೂರವಿತ್ತು. ನೋಡಲಾಗಲಿಲ್ಲ ಎಂಬ ನೋವು ಇನ್ನೂ ಇದೆ.

ತುಕ್ಲಾ ಕಣಿವೆದಾರಿಯ ಮೇಲೆ ಎವರೆಸ್ಟ್‌ನಲ್ಲಿ ಸತ್ತವರ ಸ್ಮಾರಕಗಳಿವೆ. ಹತ್ತು ಸಲ ಆ ಶಿಖರವೇರಿ 2001ರಲ್ಲಿ ಅಲ್ಲೇ ಹಿಮದ ಬಿರುಕಿಗೆ ಬಿದ್ದು ತೀರಿಕೊಂಡ ಬಾಬು ಚಿರಿ ಶೆರ್ಪಾ ಅವರದೂ ಅಲ್ಲಿದೆ. ಕಲ್ಲುಗಳ ನಡುವೆ ಲುಂಗ್ತಾ ಎಂಬ ಪ್ರಾರ್ಥನಾ ಬಾವುಟಗಳು, ನೀಲಿ, ಬಿಳಿ, ಕೆಂಪು, ಹಸಿರು, ಹಳದಿ. ಅವನ ತೋಳು ನನ್ನ ಹೆಗಲ ಮೇಲಿತ್ತು. ಹೊರೆ ಹೊರುತ್ತಲೇ ಚಳಿಗೆ, ಎತ್ತರಕ್ಕೆ ಪ್ರಾಣ ಬಿಟ್ಟ ಕೆಳಗಿನ ಊರುಗಳವರ ಹೆಸರನ್ನು ಎಲ್ಲಿ ಕೆತ್ತಿದ್ದಾರೆ ಎಂಬ ಪ್ರಶ್ನೆ ಅಲ್ಲಿ ಎದ್ದದ್ದು ಇನ್ನೂ ಅಡಗಿಲ್ಲ.

4,371 ಮೀಟರ್‌ನ ಫೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಚಿಕಿತ್ಸಾಲಯವಿದೆ, 1973ರಿಂದ. ಅಲ್ಲಿನ ವೈದ್ಯೆ ಅವನಿಗೆ ಆಮ್ಲಜನಕ ಕೊಟ್ಟು, ಔಷಧ ಕೊಟ್ಟು, ರಾತ್ರಿ ಅಲ್ಲೇ ಇರಿಸಿಕೊಂಡರು. ಮರುದಿನ ಮಧ್ಯಾಹ್ನ ಅವನು ಗೆರೆಯ ಮೇಲೆ ನೇರವಾಗಿ ನಡೆದು ತೋರಿಸಿದ. ಉಳಿದ ದಿನಗಳ ಕೂಲಿ ಪೂರ್ತಿ ಕೊಡಿಸುತ್ತೇನೆ ಎಂದು ನಾನು ಹೇಳಿದ ಮೇಲೆ ಸೂಪ್ ಕುಡಿದ.

ಹೋಗಬೇಕೆಂದಿರುವವರಿಗೆ ನನ್ನ ಕೋರಿಕೆ ಇಷ್ಟೇ. ಹಣ ಕಟ್ಟುವ ಮೊದಲು ಚಾರಣ ಸಂಸ್ಥೆಯನ್ನು ಕೇಳಿ: ಹೊರೆಯವರಿಗೆ ವಿಮೆ ಇದೆಯೇ, ಬೆಚ್ಚನೆಯ ಬಟ್ಟೆ ಕೊಡುತ್ತೀರಾ, ರಾತ್ರಿ ಎಲ್ಲಿ ಮಲಗುತ್ತಾರೆ, ಕಾಯಿಲೆಯಾದರೆ ಕೂಲಿ ಏನಾಗುತ್ತದೆ. ನಾನು ಇದ್ಯಾವುದನ್ನೂ ಕೇಳಿರಲಿಲ್ಲ. ಮಲಗುವ ಚೀಲ ಎಷ್ಟು ಡಿಗ್ರಿ ಚಳಿ ತಡೆಯುತ್ತದೆ ಎಂದು ಮೂರು ಸಲ ಕೇಳಿದ್ದೆ. ದಾರಿಯಲ್ಲಿ ದಿನವೂ ಬೆಳಿಗ್ಗೆ, ಸಂಜೆ ಅವರ ತಲೆನೋವನ್ನೂ ವಿಚಾರಿಸಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಏರಿಸಬಾರದೆಂಬ ನಿಯಮ ಅವರಿಗೂ ಅನ್ವಯಿಸುತ್ತದೆ. ರಜೆ ಸಾಲದೆಂದು ವಿಶ್ರಾಂತಿಯ ದಿನ ಕಡಿಮೆ ಮಾಡುವ ಪ್ಯಾಕೇಜ್‌ಗಳನ್ನು ದಯವಿಟ್ಟು ಒಪ್ಪಬೇಡಿ.

ಗೆಳತಿಯರು ಬೇಸ್ ಕ್ಯಾಂಪ್ ನೋಡಿ ಬಂದು ನಾಮ್ಚೆಯಲ್ಲಿ ನಮ್ಮನ್ನು ಕೂಡಿಕೊಂಡರು. ಮೇಲಿನ ಊರುಗಳ ಕಸವನ್ನು ಸಣ್ಣ ಚೀಲಗಳಲ್ಲಿ ಕಟ್ಟಿ, ಕೆಳಗಿಳಿಯುವ ಚಾರಣಿಗರ ಕೈಗೆ ಕೊಟ್ಟು ಲುಕ್ಲಾಕ್ಕೆ ತಲುಪಿಸುವ ಏರ್ಪಾಡು ಆ ದಾರಿಯಲ್ಲಿದೆ. ಒಂದೊಂದು ಚೀಲ ಒಂದು ಕಿಲೋ. ನಾನೊಂದು ತೆಗೆದುಕೊಂಡೆ. ಅವನು ಅದನ್ನು ನನ್ನ ಕೈಯಿಂದ ಇಸಿದುಕೊಂಡು, ಎರಡು ಸಲ ಮೇಲೆ ಕೆಳಗೆ ಆಡಿಸಿ ತೂಕ ನೋಡಿದ. ತನ್ನ ಹೊರೆಯ ಮೇಲೆ ಇಟ್ಟುಕೊಳ್ಳುತ್ತಾನೇನೋ ಎಂದು ನಾನು ಕೈ ಚಾಚಿದೆ. ನನ್ನ ಬೆನ್ನುಚೀಲದ ಪಟ್ಟಿಗೆ ಅದನ್ನು ಬಿಗಿಯಾಗಿ ಕಟ್ಟಿಕೊಟ್ಟು, ನಾಮ್ಲೋವನ್ನು ಹಣೆಗೆ ಕೊಟ್ಟುಕೊಂಡು ಸೇತುವೆಯ ಕಡೆಗೆ ಇಳಿಯತೊಡಗಿದ.