ಸ್ಪಷ್ಟನೆ: ನೈಬರ್ ಟೇಬಲ್ ತುಂಬಿದರೆ ಫ್ಲಶ್ ಮಾಡುವುದು ಮದ್ದಲ್ಲ

ದಾವಣಗೆರೆಯ ಸಿಸ್ಟಂ ಅಡ್ಮಿನ್‌ಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಸಲಹೆ ಓಡಾಡುತ್ತಿದೆ: "ಲಿನಕ್ಸ್‌ನಲ್ಲಿ ನೈಬರ್ ಟೇಬಲ್ ಓವರ್‌ಫ್ಲೋ ಅಂತ ಬಂದರೆ 5 ನಿಮಿಷಕ್ಕೊಮ್ಮೆ ಟೇಬಲ್ ಫ್ಲಶ್ (ಪೂರ್ತಿ ಖಾಲಿ) ಮಾಡಿ. ಮಿತಿ ಹೆಚ್ಚಿಸಿದರೆ ರ‍್ಯಾಮ್ ತುಂಬುತ್ತೆ." ಎರಡೂ ತಪ್ಪು.

ಈ ಟೇಬಲ್‌ನಲ್ಲಿ ಇರುವುದು ಒಂದೇ ನೆಟ್‌ವರ್ಕ್‌ನಲ್ಲಿರುವ ಸಾಧನಗಳ ಐಪಿ (ನೆಟ್‌ವರ್ಕ್ ವಿಳಾಸ) ಮತ್ತು ಮ್ಯಾಕ್ (ಹಾರ್ಡ್‌ವೇರ್ ಗುರುತು) ವಿಳಾಸಗಳ ಜೋಡಿ; ಒಂದು ಜೋಡಿ ಅಂದರೆ ಒಂದು ನಮೂದು. ರೂಟರ್ ಆಚೆಗಿನವರು ಲೆಕ್ಕಕ್ಕೆ ಬರುವುದಿಲ್ಲ. ಮಿತಿಗಳು ಮೂರು, ನಾವು ಬದಲಿಸದಿದ್ದರೆ ಹೀಗಿರುತ್ತವೆ. ನಮೂದುಗಳು 128ರ ಒಳಗಿದ್ದರೆ ಕರ್ನೆಲ್ (ಲಿನಕ್ಸ್‌ನ ತಿರುಳು) ಕಸ ಗುಡಿಸುವ, ಅಂದರೆ ಹಳೆಯ ನಮೂದು ತೆಗೆಯುವ ಗೋಜಿಗೇ ಹೋಗುವುದಿಲ್ಲ. 512 ದಾಟಿ 5 ಸೆಕೆಂಡ್ ಆದರೆ ಜೋರಾಗಿ ಗುಡಿಸುತ್ತದೆ. 1024 ಕೊನೆಯ ಗೆರೆ. ಆಗಲೂ ಜಾಗ ಸಿಗದಿದ್ದರೆ ಹೊಸಬರಿಗೆ ಪ್ರವೇಶವಿಲ್ಲ, ಆ ಸಂದೇಶ ಬರುವುದು ಆಗಲೇ.

ಇಲ್ಲಿನ ಒಂದು ಹಾಸ್ಟೆಲ್‌ನಲ್ಲಿ ಇದನ್ನು ಕಣ್ಣಾರೆ ನೋಡಿದೆ. ಎಲ್ಲ ಮಹಡಿಗಳೂ ಒಂದೇ ಸಬ್‌ನೆಟ್, ಅಂದರೆ ಒಂದೇ ನೆಟ್‌ವರ್ಕ್. ರಾತ್ರಿ ಊಟ ಮುಗಿಸಿ ಹುಡುಗರು ರೂಮಿಗೆ ಬಂದರೆ ಸಾಕು, ಸಾವಿರಕ್ಕೂ ಜಾಸ್ತಿ ಮೊಬೈಲ್ ಒಟ್ಟಿಗೆ ಜೀವಂತ. ಫ್ಲಶ್ ಮಾಡಿದ ಕ್ಷಣದಲ್ಲೇ ಗೇಟ್‌ವೇ (ಹಾಸ್ಟೆಲನ್ನು ಹೊರಗಿನ ನೆಟ್‌ವರ್ಕ್‌ಗೆ ಜೋಡಿಸುವ ಯಂತ್ರ) ಎಲ್ಲರ ವಿಳಾಸವನ್ನೂ ಮತ್ತೆ ಕೂಗಿ ಕೇಳಬೇಕು. ಎಲ್ಲರಿಗೂ ಕೇಳುವ ಈ ಕೂಗು (ಬ್ರಾಡ್‌ಕಾಸ್ಟ್) ಜಾಸ್ತಿಯಾಗಿ, ಸ್ವಲ್ಪ ಹೊತ್ತಿಗೇ ಟೇಬಲ್ ಪುನಃ ಭರ್ತಿ. ಇದರಿಂದ ಲಾಭ ಏನು?

ರ‍್ಯಾಮ್ ಭಯವೂ ಬೇಡ. ಒಂದು ನಮೂದಿಗೆ ಒಂದು ಕೆಬಿಯೂ ಬೇಕಾಗಲ್ಲ. 4096 ನಮೂದು ಅಂದರೂ 4 ಎಂಬಿ ಒಳಗೆ.

ಮೂರೂ ಮಿತಿಗಳನ್ನು ಒಟ್ಟಿಗೆ ಏರಿಸಿ: 1024, 2048, 4096. ಐಪಿವಿ6ಗೆ (ಐಪಿ ವಿಳಾಸದ ಹೊಸ ಆವೃತ್ತಿ) ಬೇರೆಯೇ ಟೇಬಲ್ ಇದೆ, ಅದರ ಮಿತಿ ಏರಿಸಲು ಬಹಳ ಜನ ಮರೆಯುತ್ತಾರೆ. ರೀಬೂಟ್ ಆದ ಮೇಲೂ ಉಳಿಯಲು ಸಿಸ್‌ಸಿಟಿಎಲ್ ಫೈಲಿನಲ್ಲಿ (ಕರ್ನೆಲ್ ಸೆಟ್ಟಿಂಗ್‌ಗಳ ಫೈಲ್) ಬರೆದಿಡಿ. ಸಾಧ್ಯವಿದ್ದರೆ ಮಹಡಿಗೊಂದು ವಿಲ್ಯಾನ್ (ಬೇರ್ಪಡಿಸಿದ ಒಳ ನೆಟ್‌ವರ್ಕ್) ಮಾಡಿ. ಬ್ರಾಡ್‌ಕಾಸ್ಟ್ ತಗ್ಗಿಸಲು ನನ್ನ ಪ್ರಕಾರ ಅದೇ ಸರಿಯಾದ ದಾರಿ.